ಇಲ್ಲವೆನ್ನುವ ಅಂಗಡಿಯಲ್ಲಿ

ಪ್ಯಾರಿಸ್ಸಿನ ಫೋಬೂರ್ ಸೇಂಟ್ ಒನೊರೆ ಬೀದಿಯ 24ನೇ ನಂಬರಿನ ಕಟ್ಟಡದಲ್ಲಿ ಎರ್ಮೆಸ್ ಅಂಗಡಿ ಇದೆ. 1880ರಿಂದ ಅಲ್ಲೇ ಇದೆ. ಅಲ್ಲಿನ ಚರ್ಮದ ಬ್ಯಾಗು ಬೇಕೆನ್ನುವವರು ಸುಮ್ಮನೆ ಒಳಗೆ ಹೋಗಿ ಕೇಳಿದರೆ ಆಗುವುದಿಲ್ಲ. ಹಿಂದಿನ ದಿನವೇ ಮೊಬೈಲಿನಲ್ಲಿ ಹೆಸರು, ಪಾಸ್‌ಪೋರ್ಟಿನ ವಿವರ ಕೊಟ್ಟು ಕೋರಿಕೆ ಕಳಿಸಬೇಕು. ಸಂಜೆ ಉತ್ತರ ಬರುತ್ತದೆ. ಬಹಳ ಮಂದಿಗೆ ಬರುವುದು ಸಮಯ ಸಿಗಲಿಲ್ಲವೆಂಬ ಉತ್ತರವೇ. ಸಿಕ್ಕವರಿಗೂ ಸಿಕ್ಕಿದ್ದು ಮಾರಾಟದವರ ಎದುರು ಕೂತು ಮಾತಾಡುವ ಅವಕಾಶ ಮಾತ್ರ. ಬರ್ಕಿನ್ ಬ್ಯಾಗು ಬೇಕು, ಕೆಲ್ಲಿ ಬ್ಯಾಗು ಬೇಕು, ಇಂಥ ಬಣ್ಣ, ಇಂಥ ಅಳತೆ ಎಂದು ಹೇಳಿಕೊಳ್ಳಬಹುದು. ಮಾರಾಟದಾಕೆ ಒಳಗೆ ಹೋಗಿ ಬಂದು, ಇವತ್ತು ಇಲ್ಲ ಎನ್ನಬಹುದು. ಕೈಯಲ್ಲಿ ದುಡ್ಡಿದೆ, ಮನಸ್ಸಿನಲ್ಲಿ ಆಸೆಯಿದೆ, ಕೂತಿರುವುದು ಅಂಗಡಿಯಲ್ಲೇ, ಆದರೂ ಸಾಮಾನಿಲ್ಲ. ದುಡ್ಡು ಕೊಟ್ಟರೆ ಸಿಗದ್ದು ಯಾವುದೂ ಇಲ್ಲವೆಂದು ನಂಬಿ ಬದುಕಿದ ಎಷ್ಟೋ ಜನರ ಆ ನಂಬಿಕೆ ಮುರಿಯುವುದು ಇಂಥ ಕೌಂಟರಿನ ಮುಂದೆ. ಆಮೇಲೆ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿದೆ.

ಕಾಡುವುದಕ್ಕೆ ಕಾರಣವೂ ಉಂಟು. ನನ್ನ ಅಕ್ಕನ ಮಗಳು ಅದೇ ಊರಿನಲ್ಲಿ, ಇಂಥದೇ ಮತ್ತೊಂದು ದೊಡ್ಡ ಹೆಸರಿನ ಅಂಗಡಿಯ ಚರ್ಮದ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಮೈಸೂರಿನಲ್ಲಿ ಬೆಳೆದವಳು, ಓದಲೆಂದು ಹೋಗಿ ಅಲ್ಲೇ ನೆಲೆಯಾದಳು. ಫ್ರೆಂಚು, ಇಂಗ್ಲಿಷು, ಹಿಂದಿ, ಕನ್ನಡ ನಾಲ್ಕೂ ಬರುತ್ತವೆ ಎಂಬುದು ಅವಳಿಗೆ ಕೆಲಸ ಸಿಗುವುದಕ್ಕೆ ದೊಡ್ಡ ಕಾರಣ. ರಜೆಯ ದಿನ ನನಗೆ ಫೋನ್ ಮಾಡಿ ಒಂದು ಗಂಟೆ ಮಾತಾಡುತ್ತಾಳೆ. ಬ್ಯಾಗಿನ ವಿಷಯ ಬರುವುದು ಕಡಿಮೆ. ಬರುವುದೆಲ್ಲ ಜನರ ವಿಷಯ. ಯಾರು ಒಳಗೆ ಬಂದಕೂಡಲೇ ನಕ್ಕು ‘ಬೊಂಜೂರ್’ ಎಂದರು, ಯಾರು ಮುಖ ನೋಡದೆ ಮೊಬೈಲಿನ ಚಿತ್ರವನ್ನು ಅವಳ ಕಣ್ಣಿಗೆ ಹಿಡಿದು ‘ಇದು’ ಎಂದರು, ಯಾರು ಇಲ್ಲವೆಂದಾಗ ಬೆರಳಲ್ಲಿ ಚಿಟಿಕೆ ಹೊಡೆದು ಮ್ಯಾನೇಜರನ್ನು ಕರೆ ಎಂದರು. ‘ಚಿಕ್ಕಮ್ಮ, ಸಂಜೆ ಆಗುವಷ್ಟರಲ್ಲಿ ಕೆನ್ನೆ ನೋಯತ್ತೆ, ನಕ್ಕು ನಕ್ಕು’ ಎಂದು ಒಮ್ಮೆ ಹೇಳಿದಳು. ಸಂಬಳಕ್ಕಾಗಿ ನಗುವ, ಸಂಬಳಕ್ಕಾಗಿ ಸಿಟ್ಟು ನುಂಗುವ ಈ ದುಡಿಮೆಯನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ವಿಮಾನದ ಪರಿಚಾರಿಕೆಯರನ್ನು ಮುಂದಿಟ್ಟುಕೊಂಡು ವಿವರವಾಗಿ ಬರೆದಿದ್ದಾರೆ. ಆ ಪುಸ್ತಕ ಓದಿದಾಗ ಒಪ್ಪಿಕೊಂಡಿದ್ದೆ. ಮನೆಯ ಹುಡುಗಿಯ ಬಾಯಲ್ಲಿ ಕೇಳಿದಾಗ ಹೊಟ್ಟೆಗೆ ತಾಗಿತು.

ಅವಳು ಹೇಳಿದ ಒಂದು ಸಂಗತಿ ಮರೆಯುವುದಕ್ಕೇ ಆಗಿಲ್ಲ. ಬೆಂಗಳೂರಿನ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಹೆಂಡತಿಯ ತಾಯಿ. ತಮ್ಮೊಳಗೆ ಕನ್ನಡದಲ್ಲಿ ಮಾತಾಡುತ್ತಿದ್ದುದನ್ನು ಕೇಳಿ ಇವಳೂ ಖುಷಿಯಿಂದ ಕನ್ನಡದಲ್ಲೇ ಮಾತಾಡಿಸಿದಳು. ಅವರ ಮುಖ ಅರಳಿತು. ಯಾವ ಊರು, ಯಾರ ಮಗಳು, ಮದುವೆಯಾಗಿದೆಯೇ ಎಲ್ಲ ವಿಚಾರಣೆಯಾಯಿತು. ಅಜ್ಜಿ ಪರ್ಸಿನಿಂದ ಒಂದು ಏಲಕ್ಕಿ ಕೊಟ್ಟರು. ಬೇಕಾಗಿದ್ದ ಬ್ಯಾಗು ಇರಲಿಲ್ಲ. ಇಲ್ಲವೆಂದಳು. ‘ನಮ್ಮ ಕಡೆ ಹುಡುಗಿ ನೀವು, ಒಳಗಡೆ ಒಂದು ಇಟ್ಟಿರ್ತೀರಿ, ತೆಗೀರಮ್ಮ’ ಎಂದು ಗಂಡ ನಗುತ್ತಲೇ ಕೇಳಿದ. ಎರಡನೆಯ ಸಲ ಇಲ್ಲವೆಂದಾಗ ನಗು ಹೋಯಿತು. ಮೂರನೆಯ ಸಲಕ್ಕೆ, ‘ಇಲ್ಲಿ ಬಂದು ನಿಂತ ತಕ್ಷಣ ದೊಡ್ಡ ಮನುಷ್ಯಳಾದೆ ಅಂದ್ಕೊಂಡಿದೀಯಾ? ನಾಲ್ಕು ಕಾಸಿನ ಸೇಲ್ಸ್ ಕೆಲಸ’ ಎಂದ. ಅಂಗಡಿಯಲ್ಲಿದ್ದ ಬೇರೆ ಯಾರಿಗೂ ಅದು ಅರ್ಥವಾಗಲಿಲ್ಲ. ಅವಳೊಬ್ಬಳಿಗೆ ಅರ್ಥವಾಯಿತು. ಅವಳು ಹೇಳಿದ್ದು: ‘ಫ್ರೆಂಚಲ್ಲಿ ಬೈದಿದ್ರೆ ಇಷ್ಟು ಬೇಜಾರಾಗ್ತಿರಲಿಲ್ಲ, ಚಿಕ್ಕಮ್ಮ.’

ಆ ಮನುಷ್ಯನನ್ನು ದುಷ್ಟನೆಂದು ಬಿಟ್ಟುಬಿಟ್ಟರೆ ಕೆಲಸ ಸುಲಭ. ನನಗೆ ಹಾಗನ್ನಿಸುವುದಿಲ್ಲ. ಮನೆಯಲ್ಲಿ, ಆಫೀಸಿನಲ್ಲಿ ಅವನು ಒಳ್ಳೆಯವನೇ ಇರಬಹುದು. ಅವನನ್ನು ಆ ಹೊತ್ತಿಗೆ ಹಾಗೆ ಮಾಡಿದ್ದು ಏನೆಂದು ಕೇಳಿಕೊಂಡರೆ, ಬ್ಯಾಗಿನ ಚರಿತ್ರೆಗೂ ಅಂಗಡಿಯ ಚರಿತ್ರೆಗೂ ಕೈಹಾಕಬೇಕಾಗುತ್ತದೆ.

ಎರ್ಮೆಸ್ ಹುಟ್ಟಿದ್ದು 1837ರಲ್ಲಿ, ಕುದುರೆಯ ಸಾಜು ಮಾಡುವ ಕಾರ್ಖಾನೆಯಾಗಿ. ತಿಯೆರಿ ಎರ್ಮೆಸ್ ಎಂಬ ಕುಶಲಕರ್ಮಿ ಗಾಡಿ ಎಳೆಯುವ ಕುದುರೆಗಳಿಗೆ ಪಟ್ಟಿ, ಲಗಾಮು ಹೊಲಿಯುತ್ತಿದ್ದ. ಮುಂದೆ ಜೀನು ಬಂತು, ಜೀನು ಮತ್ತು ಬೂಟು ಇಡಲು ಎತ್ತರದ ಚೀಲ ಬಂತು. ಇವತ್ತಿಗೂ ಅವರ ಬ್ಯಾಗುಗಳಲ್ಲಿ ಆ ಜೀನಿನ ಹೊಲಿಗೆಯೇ ಇದೆ. ಮೇಣ ಹಚ್ಚಿದ ಅಗಸೆನಾರಿನ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಸೂಜಿ ಹಾಯಿಸಿ ಎಳೆಯುವುದು. ಒಂದು ಹೊಲಿಗೆ ಕಿತ್ತರೂ ಪಕ್ಕದ್ದು ಬಿಚ್ಚಿಕೊಳ್ಳುವುದಿಲ್ಲ. ಹೊಲಿಗೆಯಂತ್ರ ಇದನ್ನು ಮಾಡಲಾರದು. ಒಂದು ಬ್ಯಾಗನ್ನು ಮೊದಲಿಂದ ಕೊನೆಯವರೆಗೆ ಒಬ್ಬರೇ ಕೂತು ಮಾಡುತ್ತಾರೆ. ಹದಿನೈದು ಇಪ್ಪತ್ತು ಗಂಟೆ, ಕೆಲವಕ್ಕೆ ಇನ್ನೂ ಹೆಚ್ಚು. ಆ ಕೈ ಪಳಗುವುದಕ್ಕೆ ಒಂದೂವರೆ ವರ್ಷದಷ್ಟು ತರಬೇತಿ. ಪ್ಯಾರಿಸ್ಸಿನ ಪಕ್ಕದ ಪಾಂತಾದಲ್ಲೂ ಫ್ರಾನ್ಸಿನ ಬೇರೆ ಊರುಗಳಲ್ಲೂ ಕಾರ್ಯಾಗಾರಗಳಿವೆ, ಹೊಸವು ಸೇರುತ್ತಲೂ ಇವೆ. ಆದರೂ ಕೇಳುವವರ ಸಂಖ್ಯೆಗೆ ಮಾಡುವ ಕೈಗಳ ಸಂಖ್ಯೆ ಸಾಲುವುದಿಲ್ಲ. ಈ ಕೊರತೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಚೆನ್ನಾಗಿ ಮಾಡಬೇಕಾದ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ; ಕಾಯಬೇಕು.

ಬರ್ಕಿನ್ ಬ್ಯಾಗಿನ ಹುಟ್ಟಿನ ಕಥೆಯನ್ನು ಜೇನ್ ಬರ್ಕಿನ್ ತಾವೇ ಹಲವು ಸಲ ಹೇಳಿಕೊಂಡಿದ್ದಾರೆ. 1980ರ ದಶಕದ ಮೊದಲ ಭಾಗ. ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೋಗುವ ವಿಮಾನದಲ್ಲಿ ಈ ನಟಿ-ಗಾಯಕಿಯ ಸಾಮಾನೆಲ್ಲ ಚೆಲ್ಲಾಪಿಲ್ಲಿಯಾಯಿತು. ಮಗುವಿನ ತಾಯಿಗೆ ಒಪ್ಪುವ, ಎಲ್ಲ ಹಿಡಿಸುವ ಒಂದು ಬ್ಯಾಗು ಸಿಗುವುದಿಲ್ಲವಲ್ಲ ಎಂದು ಪಕ್ಕದ ಸೀಟಿನವರ ಮುಂದೆ ಹೇಳಿಕೊಂಡರು. ಪಕ್ಕದಲ್ಲಿದ್ದವರು ಎರ್ಮೆಸ್‌ನ ಮುಖ್ಯಸ್ಥ ಜಾನ್ ಲೂಯಿ ದ್ಯುಮಾ. ಅಲ್ಲೇ ವಾಂತಿಚೀಲದ ಮೇಲೆ ಗೀಚಿದ ಚಿತ್ರ 1984ರ ಹೊತ್ತಿಗೆ ಬ್ಯಾಗಾಯಿತು. ಜೇನ್ ತಮ್ಮ ಬ್ಯಾಗನ್ನು ಮುದ್ದಿನಿಂದೇನೂ ನೋಡಿಕೊಳ್ಳಲಿಲ್ಲ. ಅದಕ್ಕೆ ಸ್ಟಿಕರು ಅಂಟಿಸಿದರು, ಉಗುರುಕತ್ತರಿ ತೂಗುಹಾಕಿದರು, ತುಂಬಿ ತುಳುಕುವಷ್ಟು ತುರುಕಿದರು, ಕೊನೆಗೆ 1994ರಲ್ಲಿ ಏಡ್ಸ್ ಪೀಡಿತರ ನೆರವಿಗೆಂದು ಹರಾಜಿಗೆ ಕೊಟ್ಟುಬಿಟ್ಟರು. ಅದೇ ಗೀರುಬಿದ್ದ, ಕಲೆಯಾದ ಮೊದಲ ಬ್ಯಾಗು 2025ರ ಜುಲೈನಲ್ಲಿ ಪ್ಯಾರಿಸ್ಸಿನ ಸದಬೀಸ್ ಹರಾಜಿನಲ್ಲಿ ಶುಲ್ಕಗಳೂ ಸೇರಿ ಸುಮಾರು 86 ಲಕ್ಷ ಯೂರೋಗಳಿಗೆ ಹೋಯಿತು. ಅದನ್ನು ನೋಡಲು ಜೇನ್ ಇರಲಿಲ್ಲ, 2023ರಲ್ಲೇ ತೀರಿಕೊಂಡಿದ್ದರು.

ಸಾಮಾನು ತುಂಬಲು ಹುಟ್ಟಿದ ಚೀಲ ಅಂತಸ್ತು ಅಳೆಯುವ ಕೋಲಾಗಿದ್ದು ಈ ನಡುವಿನ ನಲವತ್ತು ವರ್ಷಗಳಲ್ಲಿ. 2001ರಲ್ಲಿ ‘ಸೆಕ್ಸ್ ಅಂಡ್ ದ ಸಿಟಿ’ ಎಂಬ ಅಮೆರಿಕದ ಧಾರಾವಾಹಿಯ ಒಂದು ಕಂತಿನಲ್ಲಿ, ಐದು ವರ್ಷದ ಕಾಯುವ ಪಟ್ಟಿಯನ್ನು ದಾಟಲು ಸಮಾಂತಾ ಎಂಬ ಪಾತ್ರ ತಾನು ಕೆಲಸ ಮಾಡುವ ನಟಿಯ ಹೆಸರು ಹೇಳಿ, ಅಂಗಡಿಯವರನ್ನು ಫೋನಿನಲ್ಲಿ ಗದರಿಸುತ್ತಾಳೆ. ಬ್ಯಾಗು ಕೊನೆಗೆ ನಟಿಯ ಕೈಸೇರುತ್ತದೆ, ಇವಳ ಕೆಲಸ ಹೋಗುತ್ತದೆ. ಕಥೆ ಅವಳನ್ನು ಶಿಕ್ಷಿಸಿತು. ಆದರೆ ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಶಿಕ್ಷೆ ಅಲ್ಲ. ಬೇಕಾದದ್ದು ಸಿಗಬೇಕಾದರೆ ಹೆಸರು ಹೇಳಬೇಕು, ದನಿ ಏರಿಸಬೇಕು ಎಂಬುದು. ನನ್ನ ಹುಡುಗಿಯ ಮುಂದೆ ಬಂದು ‘ನಾನು ಯಾರು ಗೊತ್ತಾ’ ಎನ್ನುವವರೆಲ್ಲ ಅದೇ ಪಾಠ ಕಲಿತವರು.

ಇಲ್ಲಿ ಕಂಪನಿಗಳನ್ನೂ ಬಿಡುವಂತಿಲ್ಲ. ಕಾಯುವ ಪಟ್ಟಿ ಈಗ ಇಲ್ಲ. ಅದಿದ್ದಾಗ ಕನಿಷ್ಠ ತನ್ನ ಸರದಿ ಬರುತ್ತದೆಂಬ ಭರವಸೆಯಾದರೂ ಇತ್ತು. ಅದರ ಜಾಗದಲ್ಲಿ ಬಂದದ್ದು ಯಾರೂ ಬಾಯಿಬಿಟ್ಟು ಹೇಳದ ಒಂದು ಪದ್ಧತಿ. ಮೈಕೆಲ್ ಟೊನೆಲ್ಲೊ ಎಂಬ ಅಮೆರಿಕದವರು ಬರ್ಕಿನ್ ಕೊಂಡು ಮರುಮಾರಾಟ ಮಾಡಿ ಬದುಕಿದ ಅನುಭವವನ್ನು 2008ರಲ್ಲಿ ಪುಸ್ತಕ ಮಾಡಿದರು. ಅವರು ಕಂಡುಕೊಂಡ ಗುಟ್ಟು ಸರಳ: ಮೊದಲು ಸ್ಕಾರ್ಫು, ಬಳೆ ಮುಂತಾದ್ದನ್ನು ಮೇಜಿನ ಮೇಲೆ ಗುಡ್ಡೆಹಾಕು, ಆಮೇಲೆ ಬ್ಯಾಗು ಕೇಳು. ಅಮೆರಿಕದಲ್ಲಿ ಇದು ಈಗ ಗಿರಾಕಿಗಳ ನಡುವೆ ಪಾಠದಂತೆ ನಡೆದಿದೆ. ಒಬ್ಬರೇ ಮಾರಾಟದವರ ಬಳಿ ‘ಖಾತೆ’ ಬೆಳೆಸಬೇಕು. ತಟ್ಟೆ, ಕಂಬಳಿ, ಚಪ್ಪಲಿ, ವಾಚು ಕೊಳ್ಳಬೇಕು. ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಬರ್ಕಿನ್, ಕೆಲ್ಲಿ ಸಿಗುವುದಿಲ್ಲ ಎಂದು ತಿಳಿದಿರಬೇಕು. ಒಂದಕ್ಕೊಂದು ಷರತ್ತು ಹಾಕಿ ಮಾರುವುದಿಲ್ಲವೆಂದು ಎರ್ಮೆಸ್ ಹೇಳುತ್ತ ಬಂದಿದೆ. 2024ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಗಿರಾಕಿಗಳು ಇದನ್ನೇ ಹಿಡಿದು ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕೋರ್ಟಿಗೆ ಹೋದರು. ಪೈಪೋಟಿಯ ಕಾನೂನಿಗೆ ಧಕ್ಕೆಯಾಗಿದೆ ಎಂಬುದನ್ನು ಅವರಿಗೆ ತೋರಿಸಲಾಗಲಿಲ್ಲ. 2025ರಲ್ಲಿ ದಾವೆ ವಜಾ ಆಯಿತು. ಆ ಕೋರ್ಟಿನಲ್ಲಿ ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ಮರ್ಯಾದೆಯ ಲೆಕ್ಕ ಮುಗಿದಿಲ್ಲ ಎಂದೇ ನನ್ನ ಎಣಿಕೆ.

ಯಾಕೆಂದರೆ ಬೇಡದ ತಟ್ಟೆಯನ್ನು ಸಾವಿರ ಯೂರೋ ಕೊಟ್ಟು ಕೊಂಡವನ ಮನಸ್ಸಿನಲ್ಲಿ ಒಂದು ಸಾಲದ ಚೀಟಿ ಹುಟ್ಟುತ್ತದೆ. ನಾನು ಇಷ್ಟು ಕೊಟ್ಟಿದ್ದೇನೆ, ನೀವು ನನಗೆ ಬ್ಯಾಗು ಬಾಕಿ ಇದ್ದೀರಿ ಎಂದು. ಕಂಪನಿ ಆ ಚೀಟಿಗೆ ಸಹಿ ಹಾಕಿಲ್ಲ, ಅದನ್ನು ಹರಿದೂ ಹಾಕಿಲ್ಲ. ಆಸೆ ಉರಿಯುತ್ತಿರಲಿ ಎಂದು ಬಿಟ್ಟಿದೆ. ವಸೂಲಿಗೆ ಬಂದವನು ಬಾಗಿಲು ತಟ್ಟುವುದು ಕಂಪನಿಯ ಮುಖ್ಯಸ್ಥರ ಮನೆಯದ್ದಲ್ಲ, ಕೌಂಟರಿನ ಹುಡುಗಿಯದ್ದು. ಒಳಗೆ ಎಷ್ಟು ಬ್ಯಾಗಿವೆ, ಯಾವುದು ಯಾರಿಗೆ ಎಂದು ತೀರ್ಮಾನಿಸುವ ಅಧಿಕಾರ ಎಷ್ಟೋ ಅಂಗಡಿಗಳಲ್ಲಿ ಅವಳಿಗಿಲ್ಲ. ‘ಇಲ್ಲ ಅನ್ನೋದು ನಂಗೆ ಕಷ್ಟ ಅಲ್ಲ, ಚಿಕ್ಕಮ್ಮ’ ಎಂದಳು ಅಕ್ಕನ ಮಗಳು. ‘ಯಾಕೆ ಇಲ್ಲ ಅಂತ ಹೇಳೋ ಹಾಗಿಲ್ಲವಲ್ಲ, ಅದು ಕಷ್ಟ.’

ನಮ್ಮಲ್ಲೂ ಕೊರತೆಯ ಸಾಮಾನಿದೆ. ಮೈಸೂರಿನ ರೇಷ್ಮೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಅಲ್ಲಿಯ ಸೀರೆಗೆ ಈಚೆಗೆ ಎಷ್ಟು ಬೇಡಿಕೆಯೆಂದರೆ ಅದನ್ನು ಮಾರುವ ಸರಕಾರಿ ನಿಗಮ ಕೆಎಸ್‌ಐಸಿಯ ಮಳಿಗೆಯ ಮುಂದೆ ಹೆಂಗಸರು ಬೆಳಗಿನ ಜಾವದಲ್ಲೇ ಬಂದು ಸಾಲು ನಿಲ್ಲುತ್ತಾರೆ. ಟೋಕನ್ ಕೊಡುತ್ತಾರೆ, ಒಬ್ಬರಿಗೆ ಒಂದೇ ಸೀರೆ. ಆ ಸಾಲಿನಲ್ಲಿ ನಿಲ್ಲುವುದು ಸುಖವೆಂದು ಹೇಳಲಾರೆ. ಮುಂದೆ ನುಗ್ಗುವವರು, ಪರಿಚಯ ಹೇಳುವವರು ಅಲ್ಲೂ ಇರುತ್ತಾರೆ. ಆದರೆ ನಿಯಮ ಗೋಡೆಯ ಮೇಲಿದ್ದಷ್ಟು ಸ್ಪಷ್ಟ. ಬೇಗ ಬಂದವರಿಗೆ ಸಿಗುತ್ತದೆ, ತಡವಾದರೆ ಇಲ್ಲ. ಸೀರೆ ಬೇಕಾದರೆ ಮೊದಲು ಹತ್ತು ಡಬ್ಬಿ ಸಾಬೂನು ಕೊಳ್ಳಬೇಕು ಎಂದು ಯಾರೂ ಸೂಚಿಸುವುದಿಲ್ಲ. ಸಿಗದೆ ಹಿಂದಿರುಗಿದವರಿಗೆ ಬೇಸರವಾಗುತ್ತದೆ. ನನ್ನ ಯೋಗ್ಯತೆಗೆ ಕೊಡಲಿಲ್ಲ ಎಂಬ ಅವಮಾನ ಆಗುವುದಿಲ್ಲ. ನಿಯಮ ಕಣ್ಣಿಗೆ ಕಾಣುವ ಕಡೆ ಸಿಟ್ಟು ನಿಯಮದ ಮೇಲೆ ಹೋಗುತ್ತದೆ. ಕಾಣದ ಕಡೆ ಎದುರಿಗೆ ನಿಂತವರ ಮೇಲೆ ಬೀಳುತ್ತದೆ.

ಗಿರಾಕಿಯನ್ನು ದೊರೆಯೆಂದು ಕರೆಯುವ ಪರಿಪಾಠ ಬಹಳ ಹಳೆಯದೇನಲ್ಲ, ಅದರ ಬೇರೂ ಪ್ಯಾರಿಸ್ಸಿನಲ್ಲೇ ಇದೆ. 19ನೇ ಶತಮಾನದ ನಡುವಿನವರೆಗೆ ಅಲ್ಲಿನ ಬಹುಪಾಲು ಅಂಗಡಿಗಳಲ್ಲಿ ಬೆಲೆ ಬರೆದಿರುತ್ತಿರಲಿಲ್ಲ, ಚೌಕಾಸಿ ನಡೆಯುತ್ತಿತ್ತು, ಒಳಗೆ ಹೋದ ಮೇಲೆ ಬರಿಗೈಲಿ ಹೊರಗೆ ಬರುವುದು ಮುಜುಗರದ ಸಂಗತಿ. 1852ರಲ್ಲಿ ಬೋ ಮಾರ್ಶೆ ಅಂಗಡಿಗೆ ಪಾಲುದಾರನಾಗಿ ಬಂದ ಅರಿಸ್ಟೀಡ್ ಬುಸಿಕೊ ಇದನ್ನು ಬದಲಿಸಿದ. ಎಲ್ಲರಿಗೂ ಒಂದೇ ಬೆಲೆ, ಚೀಟಿಯಲ್ಲಿ ಬರೆದದ್ದು; ಯಾರು ಬೇಕಾದರೂ ಬರಬಹುದು, ನೋಡಬಹುದು, ಕೊಳ್ಳದೆ ಹೋಗಬಹುದು; ಇಷ್ಟವಾಗದಿದ್ದರೆ ವಾಪಸು ತರಬಹುದು. ಇದು ದೊಡ್ಡ ಬಿಡುಗಡೆ. ದುಡ್ಡು ಕಡಿಮೆಯಿದ್ದ ಹೆಂಗಸಿಗೂ ಅಂಗಡಿಯಲ್ಲಿ ತಲೆಯೆತ್ತಿ ನಡೆಯುವ ಅವಕಾಶ ಸಿಕ್ಕಿತು. ಮುಂದೆ ಹೋಟೆಲಿನ ಸೇಸರ್ ರಿಟ್ಸ್, 1909ರಲ್ಲಿ ಲಂಡನ್ನಿನಲ್ಲಿ ಅಂಗಡಿ ತೆರೆದ ಗಾರ್ಡನ್ ಸೆಲ್ಫ್‌ರಿಜ್ ಮೊದಲಾದವರ ಹೆಸರಿನೊಂದಿಗೆ ಗಿರಾಕಿ ಯಾವತ್ತೂ ತಪ್ಪು ಮಾಡುವುದಿಲ್ಲ ಎಂಬ ಮಾತು ಲೋಕವೆಲ್ಲ ಹಬ್ಬಿತು. ನಮ್ಮ ಬ್ಯಾಂಕುಗಳ ಗೋಡೆಯಲ್ಲಿ ಗಾಂಧೀಜಿಯ ಚಿತ್ರದ ಪಕ್ಕ ತೂಗುವ ಗ್ರಾಹಕ ಮಹಿಮೆಯ ಫಲಕವೂ ಆ ಮಾತಿನ ನೆಂಟನೇ.

ಆ ಬಿಡುಗಡೆಯ ಖರ್ಚನ್ನು ಯಾರು ಹೊತ್ತರು ಎಂಬುದನ್ನು ಎಮಿಲ್ ಜೋಲಾ 1883ರಲ್ಲೇ ಒಂದು ದೊಡ್ಡ ಅಂಗಡಿಯ ಸುತ್ತ ಕಾದಂಬರಿ ಬರೆದು ತೋರಿಸಿದ. ಅದರ ನಾಯಕಿ ದೆನೀಸ್ ಹಳ್ಳಿಯ ಕಡೆಯಿಂದ ಬಂದ ಮಾರಾಟದ ಹುಡುಗಿ. ದಿನವಿಡೀ ನಿಂತೇ ಇರಬೇಕು, ಬೇಸರ ತೋರಿಸಬಾರದು. ಅಂಗಡಿಯ ಹೆಣ್ಣುಮಕ್ಕಳಿಗೆ ಕೂರಲು ಆಸನ ಇಡಬೇಕೆಂದು ಬ್ರಿಟನ್ನಿನಲ್ಲಿ 1899ರಲ್ಲಿ ಕಾನೂನೇ ಮಾಡಬೇಕಾಯಿತು. ನಮ್ಮ ನೆರೆಯ ಕೇರಳದಲ್ಲಿ ಜವಳಿ ಅಂಗಡಿಯ ಹೆಂಗಸರು ಹೋರಾಡಿ ಕೂರುವ ಹಕ್ಕು ಪಡೆದದ್ದು 2018ರಲ್ಲಿ, ತಮಿಳುನಾಡಿನಲ್ಲಿ ಆ ಕಾನೂನು ಬಂದದ್ದು 2021ರಲ್ಲಿ. ಮೆತ್ತೆಯ ಮೇಲೆ ಕಾಲು ಮಡಚಿ ಕೂತು, ಕಾಫಿ ಕುಡಿಯುತ್ತ, ‘ಅದು ತೋರಿಸಿ, ಮೇಲಿನದ್ದು ತೆಗೀರಿ’ ಎಂದು ನಾವು ಬೆರಳು ತೋರಿಸುವಾಗ ಎದುರಿಗೆ ಬೆಳಗಿನಿಂದ ನಿಂತೇ ಇರುವ ಹೆಂಗಸು ಇದ್ದಾಳೆ ಎಂಬುದು ನಮ್ಮ ಕಣ್ಣಿಗೆ ಬೀಳಲು ಇಷ್ಟು ಕಾಲ ಹಿಡಿಯಿತು. ಇದರ ಬಗ್ಗೆ ನನಗೆ ನಿಜವಾದ ಸಂಕಟವಿದೆ.

ಈಗ ಇನ್ನೊಂದು ಮಗ್ಗುಲು. ಅದನ್ನು ಹೇಳದಿದ್ದರೆ ನನ್ನಂಥ ಕಂದುಬಣ್ಣದ ಗಿರಾಕಿಗಳಿಗೆ ಅನ್ಯಾಯ ಮಾಡಿದಂತಾಗುತ್ತದೆ. 2005ರಲ್ಲಿ ಅಮೆರಿಕದ ಕಪ್ಪುವರ್ಣದ ಟೀವಿ ನಿರೂಪಕಿ ಓಪ್ರಾ ವಿನ್‌ಫ್ರೀ ಪ್ಯಾರಿಸ್ಸಿನ ಎರ್ಮೆಸ್ ಅಂಗಡಿಗೆ ಬಾಗಿಲು ಹಾಕುವ ಹೊತ್ತು ಮೀರಿದ ಮೇಲೆ ಬಂದಾಗ ಒಳಗೆ ಬಿಡಲಿಲ್ಲ. ಖಾಸಗಿ ಸಮಾರಂಭದ ತಯಾರಿ ನಡೆದಿತ್ತು ಎಂದು ಕಂಪನಿ ಹೇಳಿತು. ಒಳಗೆ ಜನ ಇನ್ನೂ ಓಡಾಡುತ್ತಿದ್ದರು, ಓಪ್ರಾರನ್ನು ಮಾತ್ರ ತಡೆದರು ಎಂಬುದು ಅವರ ಕಡೆಯವರ ನೋವು. ಅಮೆರಿಕದ ಎರ್ಮೆಸ್ ಮುಖ್ಯಸ್ಥರು ಅವರ ಟೀವಿ ಕಾರ್ಯಕ್ರಮಕ್ಕೇ ಬಂದು ಕ್ಷಮೆ ಕೇಳಿದರು. 2013ರಲ್ಲಿ ಝೂರಿಕ್‌ನ ಒಂದು ಅಂಗಡಿಯಲ್ಲಿ ಸುಮಾರು 38,000 ಡಾಲರಿನ ಬ್ಯಾಗನ್ನು ತೋರಿಸಲು ಕೇಳಿದಾಗ, ಅದು ನಿಮಗೆ ತೀರ ದುಬಾರಿ ಎಂಬರ್ಥದ ಮಾತು ಬಂತೆಂದು ಓಪ್ರಾ ಹೇಳಿದರು. ಮಾರಾಟದಾಕೆ ತಾನು ಹಾಗೆ ಹೇಳಲೇ ಇಲ್ಲವೆಂದಳು. ಅಂಗಡಿಯ ಒಡತಿ ತಪ್ಪು ತಿಳಿವಳಿಕೆ ಎಂದರು. ಸ್ವಿಟ್ಜರ್‌ಲೆಂಡಿನ ಪ್ರವಾಸೋದ್ಯಮ ಸಂಸ್ಥೆ ಕ್ಷಮೆ ಕೇಳಿತು. ಆ ಕೋಣೆಯೊಳಗೆ ನಡೆದದ್ದನ್ನು ತೀರ್ಪು ಮಾಡಲು ನಾನು ಯಾರೂ ಅಲ್ಲ. ಆದರೆ ಓಪ್ರಾಗೆ ಆದದ್ದೆಂದು ಹೇಳಿದ ಅನುಭವ ನನಗೆ ಅಪರಿಚಿತವಲ್ಲ. ಯೂರೋಪಿನ ಅಂಗಡಿಗಳಲ್ಲಿ ಸೀರೆಯುಟ್ಟು ಹೋದಾಗ ಬಾಗಿಲ ಬಳಿಯ ಕಾವಲಿನವನ ಕಣ್ಣು ನನ್ನ ಹಿಂದೆಯೇ ಬಂದದ್ದಿದೆ, ಕೇಳಿದ ಸಾಮಾನಿನ ಬದಲು ಕಡಿಮೆ ಬೆಲೆಯದನ್ನು ಮುಂದಿಟ್ಟದ್ದಿದೆ. ನಮ್ಮಂಥವರಿಗೆ ‘ಇಲ್ಲ’ ಎಂದಾಗ, ಅದು ಸಾಮಾನು ಇಲ್ಲದ್ದಕ್ಕೋ ನಮ್ಮ ಬಣ್ಣ ನೋಡಿಯೋ ಎಂದು ತಿಳಿಯುವ ದಾರಿಯೇ ಇಲ್ಲ. ಬೆಂಗಳೂರಿನ ಆ ಗಂಡಸಿನ ಸಿಟ್ಟಿನ ತಳದಲ್ಲಿ ಈ ಅನುಮಾನವೂ ಸ್ವಲ್ಪ ಇದ್ದಿರಬೇಕು. ಅದನ್ನು ಅವನು ಅಂಗಡಿಯಲ್ಲಿದ್ದ ತನ್ನದೇ ಬಣ್ಣದ ಹುಡುಗಿಯ ಮೇಲೆ ತೀರಿಸಿಕೊಂಡನಲ್ಲ, ಅದು ದುಃಖದ ಸಂಗತಿ.

ಎರಡು ಬೇರೆ ಬೇರೆ ವಿಷಯಗಳನ್ನು ಆ ಕೌಂಟರಿನಲ್ಲಿ ಎಲ್ಲರೂ ಒಂದಕ್ಕೊಂದು ಗಂಟುಹಾಕುತ್ತಾರೆಂದು ನನಗನ್ನಿಸುತ್ತದೆ. ಬಾಗಿಲು ದಾಟಿ ಬಂದ ಯಾರಿಗೇ ಆದರೂ ನಗುಮುಖದ ಮಾತು, ನಿಜವಾದ ಉತ್ತರ, ಸಮಾನ ನಡವಳಿಕೆ ಸಿಗಲೇಬೇಕು. ಏನೂ ಕೊಳ್ಳದವರಿಗೂ ಸಿಗಬೇಕು. ಅದನ್ನು ಕೇಳುವುದು ಗತ್ತಲ್ಲ, ಹಕ್ಕು. ಬ್ಯಾಗು ಮಾತ್ರ ಹಾಗಲ್ಲ. ಅದು ಇದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಎಷ್ಟು ದುಡ್ಡಿದ್ದರೂ ಅದು ಯಾರ ಹಕ್ಕೂ ಅಲ್ಲ. ದೊಡ್ಡ ಬ್ರ್ಯಾಂಡುಗಳು ವರ್ಷಗಟ್ಟಲೆ ಜಾಹೀರಾತು ಮಾಡಿ, ಬ್ಯಾಗು ಸಿಕ್ಕವರೇ ಗೌರವ ಸಿಕ್ಕವರು ಎಂಬ ಭಾವನೆಯನ್ನು ಬಿತ್ತಿವೆ. ಬಿತ್ತಿದ ಮೇಲೆ, ಬ್ಯಾಗು ಸಿಗದವನು ಅವಮಾನವಾಯಿತೆಂದು ಕಿರುಚಿದರೆ ಆಶ್ಚರ್ಯವೇನು? ಈ ಆಸೆ ಎರ್ಮೆಸ್ ಒಂದರದ್ದೇ ಅಲ್ಲ. ಶನೆಲ್ ಕಂಪನಿ ದಕ್ಷಿಣ ಕೊರಿಯಾದಲ್ಲಿ ತನ್ನ ಕೆಲವು ಬ್ಯಾಗುಗಳನ್ನು ಒಬ್ಬರಿಗೆ ವರ್ಷಕ್ಕೆ ಒಂದೇ ಎಂದು 2021ರಲ್ಲಿ ಮಿತಿ ಹಾಕಿತು. ಸೋಲ್ ನಗರದ ಡಿಪಾರ್ಟ್‌ಮೆಂಟ್ ಸ್ಟೋರುಗಳ ಮುಂದೆ ನಸುಕಿನಲ್ಲೇ ಜನ ಸಾಲುಗಟ್ಟುತ್ತಿದ್ದರು, ದುಡ್ಡು ಕೊಟ್ಟು ಬೇರೆಯವರನ್ನು ನಿಲ್ಲಿಸಿದವರೂ ಇದ್ದರು.

ಅದೇ ಕೊರಿಯಾದ ಇಂಚಾನ್‌ನಲ್ಲಿ 2015ರ ಅಕ್ಟೋಬರಿನಲ್ಲಿ, ಆಭರಣದ ಕೌಂಟರಿನ ಇಬ್ಬರು ಸಿಬ್ಬಂದಿ ಗಿರಾಕಿಯೊಬ್ಬಳ ಮುಂದೆ ನೆಲದ ಮೇಲೆ ಮಂಡಿಯೂರಿ ಕ್ಷಮೆ ಕೇಳುತ್ತಿರುವ ವಿಡಿಯೋ ದೇಶವನ್ನೇ ಕಲಕಿತು. ಜಗಳದ ಮೂಲ ಒಂದು ಒಡವೆಯ ರಿಪೇರಿ. ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತ ಆ ಗಿರಾಕಿಯ ಚಿತ್ರ ನೋಡಿದಾಗ ನನಗೆ ಅಕ್ಕನ ಮಗಳೇ ನೆನಪಾದಳು. ಗಿರಾಕಿಯ ಬೈಗುಳದಿಂದ ಸಿಬ್ಬಂದಿಯನ್ನು ಕಾಪಾಡುವುದು ಮಾಲೀಕರ ಹೊಣೆ ಎಂಬ ಕಾನೂನು ಅಲ್ಲಿ 2018ರಲ್ಲಿ ಜಾರಿಗೆ ಬಂತು. ಟೋಕಿಯೋ ಮಹಾನಗರ ಗಿರಾಕಿಗಳ ಕಿರುಕುಳ ತಡೆಯುವ ಕಟ್ಟಳೆಯನ್ನು 2025ರ ಏಪ್ರಿಲ್‌ನಿಂದ ಜಾರಿಗೊಳಿಸಿದೆ. ಅದರಲ್ಲಿ ಶಿಕ್ಷೆಯಿಲ್ಲ. ಇದ್ದರೆ ಚೆನ್ನಿತ್ತು ಎನ್ನುವವರುಂಟು. ಅಂಗಡಿಯೊಳಗೆ ಗಿರಾಕಿಯೂ ತಪ್ಪು ಮಾಡಬಲ್ಲ ಎಂದು ಒಂದು ಸರಕಾರ ಬರೆದಿಟ್ಟದ್ದೇ ನನ್ನ ಮಟ್ಟಿಗೆ ದೊಡ್ಡ ಹೆಜ್ಜೆ.

ಇಂಥ ಅಂಗಡಿಗೆ ಹೋಗುವವರು ಹೇಗಿರಬೇಕೆಂದು ಅಕ್ಕನ ಮಗಳನ್ನು ಕೇಳಿದೆ. ದೊಡ್ಡ ಉಪದೇಶ ಕೊಡುತ್ತಾಳೆಂದುಕೊಂಡಿದ್ದೆ. ಅವಳು ಹೇಳಿದ್ದೆಲ್ಲ ಚಿಕ್ಕ ಚಿಕ್ಕ ಸಂಗತಿ. ಒಳಗೆ ಬಂದಾಗ ನಮಸ್ಕಾರ ಹೇಳಬೇಕು; ಫ್ರಾನ್ಸಿನಲ್ಲಿ ಅದಿಲ್ಲದೆ ಮಾತು ಶುರುಮಾಡಿದರೆ ಹಾಲಿನ ಅಂಗಡಿಯಲ್ಲೂ ಒರಟುತನ. ಸಮಯ ಗೊತ್ತುಮಾಡಿ ಬರಲಾಗದಿದ್ದರೆ ತಿಳಿಸಬೇಕು, ಆಗ ಆ ಹೊತ್ತು ಕಾದಿದ್ದ ಇನ್ನೊಬ್ಬರಿಗೆ ಸಿಗುತ್ತದೆ. ಏನು ಬೇಕೆಂದು ನೇರವಾಗಿ ಹೇಳಬೇಕು. ನಿನಗೊಂದು ಸರಪ್ರೈಸ್ ಉಡುಗೊರೆ ಕೊಡುತ್ತೇನೆ, ಹೊರಗೆ ಬಾ ಎಂದು ಪಿಸುಗುಟ್ಟಬಾರದು, ಅದರಿಂದ ಕೆಲಸ ಹೋಗುತ್ತದೆ. ಕೇಳದೆ ಮುಖದ ಫೋಟೋ ತೆಗೆಯಬಾರದು. ಕೈಗೆ ಕ್ರೀಮು ಹಚ್ಚಿಕೊಂಡು ಚರ್ಮ ಮುಟ್ಟಬಾರದು, ಅದರ ಕಲೆಗೆ ಆಮೇಲೆ ಲೆಕ್ಕ ಕೊಡುವವಳು ಅವಳು. ಕೊಂಡ ದಿನವೇ ಮಾರಲು ಕೊಳ್ಳುವವರ ವಿಷಯದಲ್ಲಿ ಮಾತ್ರ ಅವಳ ದನಿ ಗಟ್ಟಿಯಾಯಿತು. ‘ವರ್ಷಗಟ್ಟಲೆ ಕಾಸು ಕೂಡಿಟ್ಕೊಂಡು ಬರೋ ಹೆಂಗಸರಿದ್ದಾರೆ. ಐವತ್ತನೇ ಹುಟ್ಟಿದಹಬ್ಬ ಅಂತಲೋ, ಕ್ಯಾನ್ಸರ್ ವಾಸಿಯಾಯ್ತು ಅಂತಲೋ. ಅವರಿಗೆ ಸಿಗಬೇಕಾದದ್ದು ಇವರ ಕೈಗೆ ಹೋದಾಗ ನಂಗೆ ಸಂಕಟ ಆಗತ್ತೆ.’ ನನಗೂ ಆಗುತ್ತದೆ. ಬ್ಯಾಗಿಗೆ ಇಷ್ಟು ಬೆಲೆಯೇ ಎಂದು ಹಲವರು ಮೂಗು ಮುರಿಯುತ್ತಾರೆ. ಒಬ್ಬ ಹೆಂಗಸು ತನ್ನ ದುಡಿಮೆಯ ಹಣದಲ್ಲಿ ತನಗೆ ಚೆಂದ ಕಂಡದ್ದನ್ನು ಕೊಳ್ಳುವ ಸಂತೋಷವನ್ನು ನಾನು ಹಗುರ ಮಾಡಲಾರೆ.

ಗಿರಾಕಿಗೆ ‘ಬೇಡ’ ಎನ್ನುವ ಶಕ್ತಿಯೂ ಇದೆ, ಅದನ್ನು ಜನ ಮರೆತಿದ್ದಾರೆ. ಬ್ಯಾಗಿನ ಆಸೆಗೆ ಬೇಡದ ತಟ್ಟೆ ಕೊಳ್ಳಬೇಕಿಲ್ಲ. ತಟ್ಟೆ ಇಷ್ಟವಾದರೆ ಕೊಳ್ಳಿ. ಇಲ್ಲದಿದ್ದರೆ ‘ಬ್ಯಾಗೊಂದೇ ಸಾಕು, ಇಲ್ಲದಿದ್ದರೆ ಬರುತ್ತೇನೆ’ ಎಂದು ಎದ್ದು ಬನ್ನಿ. ಹಾಗೆ ಎದ್ದು ಬಂದವರ ಮನಸ್ಸಿನಲ್ಲಿ ಸಾಲದ ಚೀಟಿ ಹುಟ್ಟುವುದಿಲ್ಲ, ವಸೂಲಿಯ ಸಿಟ್ಟೂ ಹುಟ್ಟುವುದಿಲ್ಲ. ಕಂಪನಿಗಳು ತಮ್ಮ ಕಡೆಯಿಂದ ನಿಯಮವನ್ನು ಬಾಗಿಲಲ್ಲಿ ಬರೆದುಹಾಕಲಿ: ವರ್ಷಕ್ಕೆ ಇಷ್ಟು, ಒಬ್ಬರಿಗೆ ಇಷ್ಟು, ಆರಿಸುವುದು ಹೀಗೆ. ಕೌಂಟರಿನವರಿಗೆ ಕಾರಣ ಹೇಳುವ ಅನುಮತಿ ಕೊಡಲಿ.

ದೂರು ಕೊಡುವುದಿದ್ದರೆ ಕೊಡಬೇಕು. ತಾರತಮ್ಯ ಕಂಡರಂತೂ ಹೆಸರು, ಹೊತ್ತು, ಆಡಿದ ಮಾತು ಎಲ್ಲ ಬರೆದು ಕೊಡಲೇಬೇಕು. ಆದರೆ ಬರಿಯ ‘ಇಲ್ಲ’ಕ್ಕೆ ಬರುವ ದೂರುಗಳಲ್ಲಿ ಹೆಚ್ಚಿನವು ನಿಯಮದ ಬಗ್ಗೆ ಇರುವುದಿಲ್ಲ, ಹುಡುಗಿಯ ಬಗ್ಗೆ ಇರುತ್ತವೆ, ಎಂದಳು ಅಕ್ಕನ ಮಗಳು. ಅವು ಅವಳ ಕಡತಕ್ಕೆ ಸೇರುತ್ತವೆ, ವರ್ಷದ ಕೊನೆಗೆ ಸಂಬಳ ಏರಿಸುವ ಮಾತು ಬಂದಾಗ ಮೇಜಿನ ಮೇಲೆ ಬರುತ್ತವೆ. ಬೆಂಗಳೂರಿನ ಕುಟುಂಬ ಹೋದ ಮೇಲೂ ಅವಳ ಹೆಸರು ಹಿಡಿದು ಒಂದು ದೂರು ಬಂತು. ಅದೇ ತಿಂಗಳು ಲಿಯೋನಿನ ಒಬ್ಬ ವಯಸ್ಸಾದ ಶಿಕ್ಷಕಿ, ಅವರೂ ಬ್ಯಾಗು ಸಿಗದೆ ಹಿಂದಿರುಗಿದವರೇ, ಎರಡು ಪುಟ ಕೈಬರಹದಲ್ಲಿ ಬರೆದು ಕಳಿಸಿದರು. ಮೊದಲ ಪುಟದಲ್ಲಿ ನಿಮ್ಮ ನಿಯಮ ಯಾರಿಗೂ ಅರ್ಥವಾಗುವುದಿಲ್ಲ, ಬದಲಿಸಿ ಎಂದಿತ್ತು. ಎರಡನೆಯದರಲ್ಲಿ, ಇಲ್ಲವೆಂದು ಹೇಳಿದ ಹುಡುಗಿ ತನ್ನ ಜೊತೆ ಎಷ್ಟು ಚೆನ್ನಾಗಿ ಮಾತಾಡಿದಳೆಂದು ಇತ್ತು. ಮ್ಯಾನೇಜರು ಎರಡೂ ಪುಟವನ್ನು ಸಿಬ್ಬಂದಿಯ ಸಭೆಯಲ್ಲಿ ಓದಿಸಿದರು. ನಿಯಮ ಇನ್ನೂ ಬದಲಾಗಿಲ್ಲ. ಬೆಂಗಳೂರಿನ ದೂರಿನ ಜೊತೆ ಈ ಕಾಗದವೂ ಅವಳ ಕಡತದಲ್ಲಿದೆ.